ಅಳತೆ ಬ್ಲೌಸಿನ ಚೀಲ

ಮದುವೆಯಾದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ಆಡಿದ ಜಗಳ ಒಂದೇ. ಅರಸೀಕೆರೆಯಲ್ಲಿ ಇರೋದೋ, ಹಳೇಬೀಡಿಗೆ ಹೋಗೋದೋ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ಶುರುವಾದ ಮಾತೂ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಅರಸೀಕೆರೆಯನ್ನು ಸಿಟಿ ಅಂದರೆ ಬೆಂಗಳೂರಿನವರು ನಗುತ್ತಾರೆ, ಗೊತ್ತು. ಬಾಣಾವರದ ಆಚೆಯ ಹಳ್ಳಿಯಿಂದ ಬಂದ ನನಗೆ ಅದು ಸಿಟಿಯೇ. ಯಾವ ಕಡೆಗೆ ಬೇಕಾದರೂ ರೈಲು ಸಿಗುತ್ತೆ. ಕೊಬ್ಬರಿ ವ್ಯಾಪಾರಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬೆಳಗ್ಗೆ ಅಂಗಡಿ ಬಾಗಿಲು ಎತ್ತೋ ಹೊತ್ತಿಗೇ ಆಟೋದವರ ಗಲಾಟೆ. ಹಳೇಬೀಡು ನನ್ನ ಹೆಂಡತಿಯ ತವರು. ಬಸ್ಸಿನಿಂದ ಇಳಿದು, ದೇವಸ್ಥಾನ ಸುತ್ತಿ, ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಮತ್ತೆ ಬಸ್ಸು ಹತ್ತೋ ಜನ. ಸಾಯಂಕಾಲ ಅವರೆಲ್ಲ ಹೋದ ಮೇಲೆ ಊರು ಊರವರದು. ಜಾವಗಲ್ ಮೇಲೆ ಹೋದರೆ ಎರಡೂ ಊರಿನ ನಡುವೆ ಒಂದು ಬೆಳಗಿನ ದಾರಿಯೂ ಇಲ್ಲ. ಆದರೂ ನಮಗೆ ಅದು ದೂರವಾಗಿತ್ತು.

ನಾನು ಟೈಲರ್. ಏಳನೇ ಕ್ಲಾಸಿನವರೆಗೆ ಓದಿದೆ. ಎಂಟಕ್ಕೆ ಸೇರಿಸಿದರು, ನಾನೇ ಬಿಟ್ಟೆ. ಅಪ್ಪ ಬೈಯಲಿಲ್ಲ. "ಓದದಿದ್ರೆ ಬ್ಯಾಡ, ಕೈ ಮಾತ್ರ ಸುಮ್ನಿರಬಾರದು" ಅಂತ ಅರಸೀಕೆರೆಗೆ ಕರೆದುಕೊಂಡು ಬಂದು ಒಂದು ಬಟ್ಟೆ ಅಂಗಡಿಯ ಹಿಂದಿನ ಹೊಲಿಗೆ ಕೋಣೆಯಲ್ಲಿ ಬಿಟ್ಟು ಹೋದರು. ಅಲ್ಲಿ ಗುಂಡಿ ಹಾಕಿದೆ, ಗುಂಡಿ ತೂರಿಸೋ ಕಾಜಾ ಹೊಲಿದೆ, ಇಸ್ತ್ರಿ ಮಾಡಿದೆ, ಆಮೇಲೆ ಮಿಷನ್ ತುಳಿದೆ. ಕತ್ತರಿಯನ್ನು ಮಾತ್ರ ಯಾರೂ ಬೇಗ ಕೈಗೆ ಕೊಡುವುದಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಏನು ಮಾಡೋದು? ಅದಕ್ಕೇ ನಮ್ಮ ಕಸುಬಿನಲ್ಲಿ ಕತ್ತರಿ ಹಿಡಿದವನನ್ನು ಮಾಸ್ಟರ್ ಅನ್ನುತ್ತಾರೆ. ನನಗೆ ಮೀಸೆ ಸರಿಯಾಗಿ ಬರುವ ಮೊದಲೇ ಆ ಕತ್ತರಿ ಬಂತು. ನನ್ನ ಜೊತೆ ಶಾಲೆಗೆ ಬರುತ್ತಿದ್ದು ಆಮೇಲೆ ಡಿಗ್ರಿ ಮಾಡಿದವನೊಬ್ಬ ಪ್ಯಾಂಟಿನ ಅಳತೆ ಕೊಡೋಕೆ ಬಂದು, ನನ್ನ ಗುರುತು ಸಿಗದೆ, "ಮಾಸ್ಟ್ರೇ, ತೊಡೆ ಹತ್ರ ಸ್ವಲ್ಪ ಲೂಸಿರ್ಲಿ" ಅಂದ. ಗುರುತು ಹೇಳಲಿಲ್ಲ ನಾನು. ಒಳ್ಳೇ ಪ್ಯಾಂಟು ಹೊಲಿದುಕೊಟ್ಟೆ.

ಅಂಗಡಿಯ ಯಜಮಾನರು ಹಣೆ ತುಂಬ ವಿಭೂತಿ ಇಡುವ, ಹಳೇ ವ್ಯಾಪಾರದ ಮನೆತನದವರು. ಅವರ ನೆಂಟರೆಲ್ಲ ಕೊಬ್ಬರಿ ವ್ಯಾಪಾರದವರೇ. ಆ ಜನರ ಬಿಳಿ ಶರ್ಟುಗಳು ನಮ್ಮಲ್ಲಿಗೇ ಬರುತ್ತಿದ್ದವು. ಎದೆಯ ಎಡಕ್ಕೆ ಒಳಜೇಬು ಇರಬೇಕು, ಅದರ ಬಾಯಿ ಹೊರಗಿನವರಿಗೆ ಕಾಣಬಾರದು, ಹಾಕಿಕೊಂಡವರ ಕೈಗೆ ಮಾತ್ರ ಸಲೀಸಾಗಿ ಸಿಗಬೇಕು. ಆ ಜೇಬು ನನ್ನ ಹಾಗೆ ಹೊಲಿಯುವವರು ಅರಸೀಕೆರೆಯಲ್ಲಿ ಇಲ್ಲ ಅಂತ ಅವರೇ ಹೇಳುತ್ತಿದ್ದರು. ನಾನು ಇಲ್ಲ ಅನ್ನುತ್ತಿರಲಿಲ್ಲ.

ಒಂದು ದಿನ ಯಜಮಾನರು ನನ್ನನ್ನು ಗಲ್ಲಾದ ಹತ್ತಿರ ಕರೆದರು.

"ನೋಡಪ್ಪ, ನಂಗೂ ವಯಸ್ಸಾಯ್ತು. ಬಟ್ಟೆ ಕಡೆ ನಾನು ನೋಡ್ಕೋತೀನಿ. ಹೊಲಿಗೆ ಕಡೆದೆಲ್ಲ ನಿಂದೇ ಅಂತ ಇಟ್ಕೋ. ಮೇಲಿನ ಮನೆ ಖಾಲಿ ಐತೆ, ಹೆಂಡ್ತಿ ಕರ್ಕೊಂಡು ಅಲ್ಲಿಗೇ ಬಂದುಬಿಡು. ಉಗಾದಿ ಒಳಗೆ ಒಂದು ಮಾತು ಹೇಳು. ನೀನು ಒಲ್ಲೆ ಅಂದ್ರೆ ನಾನು ಬೇರೆಯೋರನ್ನ ನೋಡ್ಕೋಬೇಕಾಗ್ತದೆ."

ಗುಂಡಿ ಹಾಕೋಕೆ ಬಂದವನಿಗೆ ಹೊಲಿಗೆ ಕೋಣೆಯನ್ನೇ ಕೊಡುತ್ತೀನಿ ಅಂದರೆ ಇನ್ನೇನು ಬೇಕು? ಆವತ್ತು ಮನೆಗೆ ಮೈಸೂರು ಪಾಕು ತಗೊಂಡು ಹೋದೆ. ನನ್ನ ಹೆಂಡತಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕೇಳಿಸಿಕೊಂಡು, ಇನ್ನೊಂದು ತುಂಡನ್ನು ಮುಟ್ಟಲಿಲ್ಲ.

"ನಿಮಗೆ ಅಂಗಡಿ ಆಯ್ತು. ನನಗೆ?" ಅಂದಳು.

ಅವಳೂ ಟೈಲರೇ. ಪಿಯುಸಿ ಮುಗಿಸಿ ಬೇಲೂರಿನಲ್ಲಿ ಹೊಲಿಗೆ ಕಲಿತು, ತವರುಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬ್ಲೌಸು ಹೊಲಿಯುತ್ತಿದ್ದಳು. ಮದುವೆಯಾಗಿ ನನ್ನ ಜೊತೆ ಅರಸೀಕೆರೆಯ ಬಾಡಿಗೆ ಮನೆಗೆ ಬಂದ ಮೇಲೂ ಅವಳ ಗಿರಾಕಿಗಳೆಲ್ಲ ಹಳೇಬೀಡಿನವರೇ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಬಟ್ಟೆ ತಂದು, ಇಲ್ಲಿ ಹೊಲಿದು, ಮುಂದಿನ ವಾರ ಕೊಟ್ಟು ಬರುತ್ತಿದ್ದಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಸೀಟು ಸಿಗುವುದೇ ಕಷ್ಟ. ಮದುವೆ ಸೀಸನ್ನಿನಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ನಿಂತುಕೊಂಡೇ ಜಾವಗಲ್ ದಾಟುತ್ತಿದ್ದಳು. ರೇಷ್ಮೆ ಬ್ಲೌಸು ಮುದುಡಬಾರದು ಅಂತ ಯಾರಾದರೂ ಸೀಟಿನಲ್ಲಿ ಕೂತವರ ತೊಡೆಯ ಮೇಲೆ ಇಟ್ಟು, "ಅಕ್ಕಾ, ಒಂಚೂರು ಹಿಡ್ಕೊಳ್ಳಿ, ಒರಗಬೇಡಿ" ಅನ್ನುತ್ತಿದ್ದಳಂತೆ.

ಅರಸೀಕೆರೆಯಲ್ಲೂ ಅವಳು ಪ್ರಯತ್ನ ಮಾಡದೇ ಇರಲಿಲ್ಲ. ಬಾಗಿಲ ಪಕ್ಕ ಒಂದು ರಟ್ಟು ತೂಗುಹಾಕಿ ಬ್ಲೌಸು ಹೊಲಿಯುತ್ತೇವೆ ಅಂತ ಬರೆದಿದ್ದಳು. ಬಂದರು ಕೆಲವರು. ಚೆನ್ನಾಗಿದೆ ಅಂತಲೂ ಅಂದರು. ಆದರೆ ಪ್ರತಿ ಸಲವೂ ಅಳತೆ ಬ್ಲೌಸನ್ನು ವಾಪಸ್ಸು ತಗೊಂಡು ಹೋಗುತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಂಡಸರ ಬಟ್ಟೆಗೆ ನಾವು ಟೇಪು ಹಿಡಿದು ಅಳೆಯುತ್ತೇವೆ. ಹೆಂಗಸರು ಹಾಗಲ್ಲ. ಮೈಗೆ ಸರಿಯಾಗಿ ಕೂತ ಒಂದು ಹಳೇ ಬ್ಲೌಸನ್ನು ತಂದು, "ಇದರ ಹಾಗೇ ಹೊಲಿ" ಅನ್ನುತ್ತಾರೆ. ಅದೇ ಅಳತೆ ಬ್ಲೌಸು. ಕೆಲಸ ಮುಗಿದ ಮೇಲೆ ಹೊಸದರ ಜೊತೆ ಅದನ್ನೂ ಮಡಚಿ ಕೊಡಬೇಕು. ಆದರೆ ಹಳೇಬೀಡಿನವರು ಅದನ್ನು ವಾಪಸ್ಸು ಇಸಕೊಳ್ಳುತ್ತಿರಲಿಲ್ಲ. "ನಿನ್ ಹತ್ರನೇ ಇರ್ಲಿ ಬಿಡಮ್ಮ" ಅಂದು ಹೋಗುತ್ತಿದ್ದರು. ಹಾಗೆ ಉಳಿದ ಬ್ಲೌಸುಗಳು ಅತ್ತೆ ಮನೆಯ ಗೋಡೆಗೂಡಿನ ತುಂಬ ಇದ್ದವು, ಆಯಾ ವಾರಕ್ಕೆ ಬೇಕಾದ್ದನ್ನು ಅವಳು ಬಟ್ಟೆಯ ಜೊತೆ ತಂದು ಮತ್ತೆ ಅಲ್ಲೇ ಇಡುತ್ತಿದ್ದಳು. ನನಗೆ ಅದು ಸೋಮಾರಿತನ ಅನ್ನಿಸುತ್ತಿತ್ತು. ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರೋದು ಯಾಕೆ ಅಂತ ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ.

"ಹಳೇಬೀಡಿಗೆ ಹೋಗೋಣ ಕಣ್ರೀ" ಅಂದಳು ಅವಳು. "ನೀವೂ ಅಲ್ಲೇ ಒಂದು ಅಂಗಡಿ ಮಾಡಿ. ಇಬ್ಬರೂ ಒಂದೇ ಕಡೆ ಕೂತು ಕೆಲಸ ಮಾಡೋಣ."

"ಅಲ್ಲಿ ಒಳಜೇಬು ಹೊಲಿಸೋರು ಯಾರು ಬರ್ತಾರೆ? ಕಲ್ಲಿನ ಆನೆಗಳಾ?"

"ಆನೆಗೆ ಒಳಜೇಬು ಬೇಡ ರೀ. ಮನುಷ್ಯರಿಗೆ ಪ್ಯಾಂಟು ಬೇಕು. ಅಲ್ಲೂ ಮನುಷ್ಯರಿದ್ದಾರೆ."

ಗಿರಾಕಿ ಸಿಗಲಿಕ್ಕಿಲ್ಲ ಅನ್ನೋದು ನಾನು ಬಾಯಲ್ಲಿ ಹೇಳಿದ ಕಾರಣ. ಹೇಳದೇ ಇದ್ದದ್ದು ಇನ್ನೊಂದು. ಹೆಂಡತಿಯ ಊರಿಗೆ ಹೋಗಿ ನಿಂತವನನ್ನು ನಮ್ಮ ಕಡೆ ಮನೆ ಅಳಿಯ ಅನ್ನುತ್ತಾರೆ. ಅದು ಬೈಗುಳವೂ ಅಲ್ಲ, ಬೈಗುಳ ಅಲ್ಲದೆಯೂ ಇಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಯಾರಾದರೂ ಆ ಮಾತನ್ನು ಎಲೆಯ ಮೇಲೆ ಉಪ್ಪಿನಕಾಯಿ ಹಾಕಿದಂಗೆ ಹಾಕಿಬಿಡುತ್ತಾರೆ. ನಮ್ಮ ಹಳ್ಳಿಯಲ್ಲಿ ಹಾಗೆ ಹೋದ ಒಬ್ಬರಿದ್ದರು. ಅವರು ಊರಿಗೆ ಬಂದರೆ ಮಕ್ಕಳೂ "ಮನೆ ಅಳಿಯ ಬಂದ" ಅನ್ನುತ್ತಿದ್ದವು. ಮಾತು ಹೇಗೆ ಸೋರಿತೋ, ನನ್ನ ಜೊತೆ ಮಿಷನ್ ತುಳಿಯುವವನೊಬ್ಬ, ಹಳೇ ಸ್ನೇಹಿತ, ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ಕೇಳಿಯೇಬಿಟ್ಟ.

"ಏನ್ಲಾ, ಮನೆ ಅಳಿಯ ಆಗಕ್ಕೆ ಹೊಂಟಿದ್ದೀಯಂತೆ? ಅತ್ತೆ ಮನೆ ಮುದ್ದೆ ದೊಡ್ಡದಿರ್ತದಾ?"

"ಮುಚ್ಲಾ ಬಾಯಿ" ಅಂದೆ. ಎಲ್ಲರೂ ನಕ್ಕರು. ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಆ ಸಾಯಂಕಾಲ ಮನೆಗೆ ಬಂದು ಖಂಡತುಂಡವಾಗಿ ಹೇಳಿದೆ. ನಾವು ಅರಸೀಕೆರೆ ಬಿಡೋದಿಲ್ಲ. ಯಜಮಾನರಿಗೆ ಹೂಂ ಅಂತೀನಿ. ಅವಳು ಆಗಷ್ಟೇ ಹಳೇಬೀಡಿನಿಂದ ಬಂದು, ಚೀಲ ಇಳಿಸಿ, ಕಾಲು ನೀಡಿಕೊಂಡು ಕೂತಿದ್ದಳು. ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ.

"ಸರಿ. ಇಲ್ಲೇ ಇರೋಣ" ಅಂದಳು. ಪಾದ ಒತ್ತಿಕೊಳ್ಳುತ್ತಾ, "ನಂಗೂ ಈ ಬಸ್ಸು ಸಾಕಾಗಿದೆ. ಆದ್ರೆ ಅವರ ಅಳತೆ ಬ್ಲೌಸುಗಳನ್ನ ವಾಪಸ್ಸು ಕೊಡ್ಬೇಕು. ಹೊಲಿಯಲ್ಲ ಅಂದ ಮೇಲೆ ಇಟ್ಕೋಬಾರದು. ಅದು ಮಾತ್ರ ನನ್ನ ಕೈಲಿ ಆಗಲ್ಲ ರೀ" ಅಂದಳು.

"ಅದೇನು ಮಹಾ ಕೆಲಸ? ನಾನು ಕೊಟ್ಟು ಬರ್ತೀನಿ."

ಅವಳು ನನ್ನ ಮುಖ ನೋಡಿದಳು. ಏನೋ ಹೇಳೋಕೆ ಬಾಯಿ ತೆರೆದವಳು ಹೇಳಲಿಲ್ಲ. ಎದ್ದು ಹೋಗಿ ಅನ್ನಕ್ಕಿಟ್ಟಳು.

ಅಂಗಡಿಗೆ ರಜೆಯಿದ್ದ ದಿನ ಹೊರಟೆ. ಅತ್ತೆಗೆ ಮಂಡಿನೋವು, ಓಡಾಡುವ ಹಾಗಿಲ್ಲ. ಗೋಡೆಗೂಡಿನಿಂದ ಬ್ಲೌಸುಗಳನ್ನು ಇಳಿಸಿ ಒಂದು ದೊಡ್ಡ ಚೀಲಕ್ಕೆ ತುಂಬಿದೆ. ಒಂದೊಂದಕ್ಕೂ ನನ್ನ ಹೆಂಡತಿ ಚೀಟಿ ಪಿನ್ನು ಮಾಡಿದ್ದಳು, ಹೆಸರಲ್ಲ, ಗುರುತು. ಡೈರಿ ಪಕ್ಕದ ಮನೆ. ಕೆರೆ ಏರಿ ಅಜ್ಜಿ. ಹೂವಿನ ಅಂಗಡಿ ಅಕ್ಕ.

ಅತ್ತೆ ನನ್ನನ್ನೂ ಚೀಲವನ್ನೂ ನೋಡಿದರು. "ಅಳಿಯಂದ್ರೇ, ಗಂಡಸರು ಹೆಂಗಸರ ರವ್ಕೆ ತಗೊಂಡು ಮನೆಮನೆಗೆ ಹೋಗೋದು ಉಂಟಾ?"

"ನಾನು ಟೈಲರ್ ಅತ್ತೆ. ನನಗೆ ಬಟ್ಟೆ ಬಟ್ಟೆನೇ."

"ನಿಮಗೆ ಬಟ್ಟೆ. ಅವರಿಗೆ?" ಅಂದು ಅವರು ಅವರೆಕಾಯಿ ಬಿಡಿಸೋದನ್ನು ಮುಂದುವರಿಸಿದರು.

ಡೈರಿ ಪಕ್ಕದ ಮನೆಯ ಮುಂದೆ ಒಬ್ಬ ಗಂಡಸು ಬೈಕು ತೊಳೆಯುತ್ತಿದ್ದ. ಮನೆ ಬಾಗಿಲಲ್ಲಿ ಮೊದಲು ಗಂಡಸರೇ ಸಿಗಬಹುದು ಅನ್ನುವುದು ನನ್ನ ಯೋಚನೆಗೇ ಬಂದಿರಲಿಲ್ಲ.

"ಯಾರು ಬೇಕಾಗಿತ್ತು?"

"ನಿಮ್ಮ ಮನೆಯವರ ಬ್ಲೌಸು ಕೊಡೋಣ ಅಂತ ಬಂದೆ."

ಅವನ ಕೈಯಲ್ಲಿದ್ದ ಪೈಪಿನ ನೀರು ಬೈಕು ಬಿಟ್ಟು ನನ್ನ ಕಾಲಿಗೆ ಹರಿಯಿತು. "ನಮ್ಮನೆಯೋಳ ಬ್ಲೌಸು ನಿನ್ ಹತ್ರ ಯಾಕಿದೆ?"

ಚೀಲದಿಂದ ಅರ್ಧ ಹೊರಗೆ ಬಂದಿದ್ದ ಹಸಿರು ಬ್ಲೌಸು ನನ್ನ ಕೈಯಲ್ಲಿ ಹಾಗೇ ಇತ್ತು. ಎದುರುಮನೆಯ ಜಗಲಿಯಲ್ಲಿ ಕೂತಿದ್ದ ಇಬ್ಬರು ಮುದುಕರು ಎದ್ದು ನಿಂತರು. ಅಷ್ಟರಲ್ಲಿ ಒಳಗಿಂದ ಅವನ ಹೆಂಡತಿ ಓಡಿಬಂದಳು. ಬ್ಲೌಸು ನೋಡಿದಳು, ನನ್ನನ್ನು ನೋಡಿದಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗೋಕೆ ಶುರುಮಾಡಿದಳು.

"ಅಯ್ಯೋ, ನಮ್ ಟೈಲರಮ್ಮನ ಯಜಮಾನ್ರು ಕಣ್ರೀ! ಪೈಪು ಆಫ್ ಮಾಡಿ ಮೊದ್ಲು."

ಆಮೇಲೆ ಆ ಮನುಷ್ಯ ನನಗಿಂತ ಜಾಸ್ತಿ ನಾಚಿಕೊಂಡು ಕುರ್ಚಿ ತಂದು ಹಾಕಿದ. ಕಾಫಿ ಬಂತು. ವಿಷಯ ಹೇಳಿದೆ. ಬ್ಲೌಸು ಮುಂದಕ್ಕೆ ಹಿಡಿದೆ. ಆ ಹೆಂಗಸು ನಗು ನಿಲ್ಲಿಸಿ ಎರಡು ಕೈಯನ್ನೂ ಬೆನ್ನ ಹಿಂದಕ್ಕೆ ಕಟ್ಟಿಕೊಂಡಳು.

"ಯಾಕಣ್ಣ ವಾಪಸ್ಸು? ನಾನೇನಾದ್ರೂ ಅಂದ್ನಾ ಅವಳಿಗೆ? ಹೋದ್ಸಲ ತೋಳು ಬಿಗಿಯಾಯ್ತು ಅಂದೆ, ಅಷ್ಟೇ. ಅದಕ್ಕೆ ಸಿಟ್ಟು ಮಾಡ್ಕೊಂಡ್ಲಾ?"

"ಇಲ್ಲಮ್ಮ, ಸಿಟ್ಟಲ್ಲ. ನಾವು ಅರಸೀಕೆರೆಲೇ ನಿಲ್ತೀವಿ, ಅದಕ್ಕೆ."

"ನಿಂತ್ಕೊಳ್ಳಿ. ಅದಕ್ಕೂ ಇದಕ್ಕೂ ಏನು ಸಂಬಂಧ? ಅಳತೆ ವಾಪಸ್ಸು ಕೊಡೋದು ಅಂದ್ರೆ ಏನರ್ಥ? ಇನ್ನು ನಮ್ಮನೆಗೆ ಬರಬೇಡ ಅಂತ ಹೇಳ್ದಂಗೆ." ಒಳಗೆ ಹೋದವಳು ಇನ್ನೊಂದು ಬಟ್ಟೆ ತಂದು ನನ್ನ ಚೀಲಕ್ಕೆ ತುರುಕಿದಳು. "ತಂಗಿ ಮನೆ ಗೃಹಪ್ರವೇಶಕ್ಕೆ. ಲೈನಿಂಗ್ ಹಾಕಕ್ಕೆ ಹೇಳಿ."

ಹಸಿರು ಬ್ಲೌಸು ಚೀಲದಲ್ಲೇ ಉಳಿಯಿತು, ಅದರ ಮೇಲೆ ಇನ್ನೊಂದು ಬಿತ್ತು.

ಮುಂದಿನ ಮನೆಗಳಲ್ಲೂ ಹೆಚ್ಚೂಕಮ್ಮಿ ಅದೇ ಕತೆ. ನಾನು ಹೋಗುವ ಮೊದಲೇ ಸುದ್ದಿ ಹೋಗುತ್ತಿತ್ತು. ಹೂವಿನ ಅಂಗಡಿಯವಳು ದೂರದಿಂದಲೇ, "ನಂದು ಕೊಡಬೇಡಿ ಅಣ್ಣ, ನಾನು ತಗೊಳ್ಳಲ್ಲ" ಅಂತ ಕೈ ಆಡಿಸಿ, ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ "ಇದನ್ನ ಅವಳಿಗೆ ಕೊಡಿ, ಜಗಳ ಆಡಬೇಡಿ" ಅಂದಳು. ಜಗಳ ಅಂತ ಯಾರು ಹೇಳಿದರೋ. ಒಬ್ಬರು ಟೀಚರು ಮಾತ್ರ ವಾಪಸ್ಸು ತಗೊಂಡರು. ತಗೊಂಡು, ಮಡಿಕೆ ಬಿಡಿಸಿ ನೋಡಿ, ಬಾಗಿಲು ಹಾಕಿಕೊಂಡರು. ಆ ಬಾಗಿಲು ಹಾಕಿದ ಸದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಕೆರೆ ಏರಿ ಅಜ್ಜಿಯ ಮನೆ ಕೊನೆಯದು. ಒಣಗಿದ ಮರದ ಕೊಂಬೆಯಂಥ ಕೈ, ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ರಾಗಿ ಕೇರುತ್ತಾ ಕೂತಿದ್ದರು. ನಾನು ತೆಗೆದ ಬ್ಲೌಸು ಅವರಂಥ ಇಬ್ಬರು ತೊಡುವಷ್ಟು ದೊಡ್ಡದಿತ್ತು. ಚೀಟಿ ತಪ್ಪಾಗಿದೆ ಅಂದುಕೊಂಡು ಮತ್ತೆ ಓದಿದೆ.

"ಇದು ನಿಮ್ಮದಲ್ಲ ಅನ್ಸುತ್ತೆ ಅಜ್ಜಿ."

"ನಂದೇ ಕಣಪ್ಪ. ನಾನು ಮೈ ತುಂಬ್ಕೊಂಡಿದ್ದಾಗಿಂದು."

"ಮತ್ತೆ ಇದರ ಅಳತೆಗೆ ಹೊಲಿದ್ರೆ ನಿಮಗೆ ಆಗಲ್ವಲ್ಲ?"

"ಇದರ ಅಳತೆಗೆ ಯಾರು ಹೊಲೀತಾರೆ? ನಿನ್ ಹೆಂಡ್ತಿ ಅದನ್ನ ಬಿಚ್ಚೂ ನೋಡಕಿಲ್ಲ. ಬಾಗಿಲಲ್ಲಿ ನಿಂತ್ಕೊಂಡು ನನ್ ನೋಡ್ತಾಳೆ, 'ಅಜ್ಜಿ ಇನ್ನೂ ಸಣ್ಣ ಆಗಿದ್ದೀಯ, ಉಣ್ಣಲ್ವಾ?' ಅಂತ ಬೈತಾಳೆ, ಹೊಲ್ಕೊಡ್ತಾಳೆ. ಸರ್ಯಾಗೇ ಇರ್ತದೆ."

"ಹಂಗಾದ್ರೆ ಅಳತೆಗೆ ಅಂತ ಇದನ್ನ ಯಾಕೆ ಕೊಟ್ರಿ?"

ಅಜ್ಜಿ ಮೊರ ಕೆಳಗಿಟ್ಟರು. ನಾನು ಕೇಳಿದ್ದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು.

"ಎಲ್ಲಾರ್ದೂ ಅಲ್ಲಿ ಐತೆ. ನಂದೂ ಒಂದು ಇರ್ಲಿ ಅಂತ."

ನಾನು ಆ ಬ್ಲೌಸನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿ ಅವರ ಜಗಲಿಯ ಮೇಲೆ ಕೂತೆ. ಏರಿಯ ಮೇಲೆ ಗಾಳಿ ಬರುತ್ತಿತ್ತು. ಅರಸೀಕೆರೆಯಲ್ಲಿ ಇಷ್ಟು ವರ್ಷ ಎಷ್ಟೋ ಜನರ ಎದೆ ಸೊಂಟ ಅಳೆದಿದ್ದೇನೆ. ಅವರ ಅಳತೆ ನನ್ನ ಹತ್ತಿರ ಇದೆ. ಆದರೆ ಬಟ್ಟೆ ಇಸಕೊಂಡ ಮೇಲೆ ಅವರದು ಅಂತ ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಅದು ತಪ್ಪಲ್ಲ. ಕಸುಬು ಹಾಗೆಯೇ. ನನ್ನ ಹೆಂಡತಿಯದು ಬೇರೆ ಥರ. ಅವಳು ವಾರವಾರ ಎರಡು ಚೀಲ ಹೊತ್ತು ನಿಂತುಕೊಂಡು ಹೋಗುತ್ತಿದ್ದದ್ದು ಬರೀ ಬ್ಲೌಸಿಗಲ್ಲ ಅಂತ ಆಗ ಗೊತ್ತಾಯಿತು. ಅದನ್ನು ಬಿಟ್ಟುಬಿಡು ಅಂತ ನಾನು ಒಂದು ಟೀ ಅಂಗಡಿಯ ಮಾತಿಗೆ ಹೇಳಿಬಿಟ್ಟಿದ್ದೆ.

ವಾಪಸ್ಸು ಬರುವಾಗ ಚೀಲ ಹೋಗುವಾಗ ಇದ್ದದ್ದಕ್ಕಿಂತ ಭಾರವಾಗಿತ್ತು. ದೇವಸ್ಥಾನದ ಹತ್ತಿರ ಯೂನಿಫಾರಂ ಹಾಕಿಕೊಂಡ ಒಬ್ಬ ಕಾವಲಿನವನು ಅಡ್ಡ ನಿಲ್ಲಿಸಿದ. ಸುದ್ದಿ ಅಲ್ಲಿಗೂ ಹೋಗಿತ್ತು.

"ರವಿಕೆ ಮನೆಮನೆಗೆ ಹಂಚ್ತಾ ಇರೋರು ನೀವೇನಾ? ಪ್ಯಾಂಟು ಹೊಲಿಯೋರಂತೆ?"

"ಹೌದು."

ಅವನು ಕಾಲು ಮುಂದೆ ಚಾಚಿ ತೋರಿಸಿದ. ಪ್ಯಾಂಟಿನ ತುದಿ ಎರಡು ಮಡಿಕೆ ಮಡಚಿತ್ತು. "ಇಲ್ಲಿದ್ದ ಟೈಲರು ಕಣ್ಣು ಕಾಣಲ್ಲ ಅಂತ ಮಿಷನ್ ಎತ್ತಿಟ್ರು. ಒಂದು ಪ್ಯಾಂಟು ಗಿಡ್ಡ ಮಾಡ್ಸಕ್ಕೆ ಬೇಲೂರಿಗೆ ಹೋಗ್ಬೇಕು. ಅಲ್ಲಿಗೆ ಹೋಗಕ್ಕೆ ಇದೇ ಪ್ಯಾಂಟು ಹಾಕ್ಕೊಂಡು ಹೋಗ್ಬೇಕು. ಅಲ್ಲಿ ಬಿಚ್ಚಿ ಕೊಟ್ಟು ನಾನು ಏನು ಹಾಕ್ಕೊಂಡು ಬರ್ಲಿ?"

ಬೆಳಗಿನ ಡ್ಯೂಟಿ ಮುಗಿಸಿ ಲುಂಗಿ ಸುತ್ತಿಕೊಂಡು ಅತ್ತೆ ಮನೆಗೆ ಬಂದ. ನನ್ನ ಹೆಂಡತಿಯ ಹಳೇ ಮಿಷನ್ ಅಲ್ಲೇ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡಿತ್ತು. ಎಣ್ಣೆ ಬಿಟ್ಟು, ಬೆಲ್ಟು ಏರಿಸಿ, ಅವನ ಪ್ಯಾಂಟು ಗಿಡ್ಡ ಮಾಡಿದೆ. ಅವನ ಹಿಂದೆ ಇನ್ನೊಬ್ಬ ಬಂದ, ಜಿಪ್ಪು ಕಿತ್ತುಹೋದದ್ದು ಹಿಡಿದುಕೊಂಡು. ಆಮೇಲೆ ಎಳನೀರು ಮಾರುವವನು ಮಗಳ ಸ್ಕೂಲ್ ಚೀಲದ ಪಟ್ಟಿ ತಂದ. ಅತ್ತೆ ಒಳಗಿಂದಲೇ, "ನಮ್ಮನೇಲಿ ಸಂತೆ ಮಾಡಿಬಿಟ್ರಲ್ಲ ಅಳಿಯಂದ್ರೇ" ಅಂದರು. ದನಿಯಲ್ಲಿ ಬೇಜಾರಿರಲಿಲ್ಲ.

ಊಟಕ್ಕೆ ಕೂತಾಗ ಧೈರ್ಯ ಮಾಡಿ ಕೇಳಿದೆ. "ಅತ್ತೆ, ನಾವು ಇಲ್ಲಿಗೇ ಬಂದ್ರೆ ಜನ ನನ್ನ ಮನೆ ಅಳಿಯ ಅಂತಾರಲ್ಲ?"

"ಮನೆ ಅಳಿಯ ಆಗಕ್ಕೆ ಮನೆ ಬೇಕಲ್ಲ? ನಿಮ್ಮನ್ನ ಇಟ್ಕೊಳ್ತೀನಿ ಅಂತ ನಾನೆಲ್ಲಿ ಹೇಳ್ದೆ? ಮುಂದಿನ ಕೋಣೆ ನಂಗೆ ರಾಗಿ ಮೂಟೆಗೆ ಬೇಕು. ಬರೋದಾದ್ರೆ ಬೇರೆ ಮನೆ ನೋಡ್ಕೊಳ್ಳಿ." ಅಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ಮುದ್ದೆ ದೊಡ್ಡದಾಗಿಯೇ ಇತ್ತು.

ಅರಸೀಕೆರೆಗೆ ಬಂದಾಗ ದೀಪ ಹಚ್ಚೋ ಹೊತ್ತು. ನನ್ನ ಹೆಂಡತಿ ತುಂಬಿದ ಚೀಲ ನೋಡಿ ಬಾಗಿಲಲ್ಲೇ ನಿಂತಳು.

"ಕೊಡಲಿಲ್ವಾ?"

"ಒಬ್ರು ತಗೊಂಡ್ರು. ಟೀಚರು. ಅವರ ಮನೆಗೆ ನೀನೇ ಹೋಗಿ ವಾಪಸ್ಸು ಇಸ್ಕೊಂಡು ಬರ್ಬೇಕು."

ಅವಳಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ತಿರುಗಿಸಿಕೊಂಡು, ಹೂವಿನ ಅಂಗಡಿಯವಳು ಕಳಿಸಿದ ಮಲ್ಲಿಗೆ ಮುಡಿದುಕೊಳ್ಳುತ್ತಾ ಕೇಳಿದಳು, "ಡೈರಿ ಮನೆ ಯಜಮಾನ್ರು ಹೊಡೀಲಿಲ್ವಾ?"

"ನಿಂಗೆ ಗೊತ್ತಿತ್ತಾ?"

"ಹೇಳೋಣ ಅಂದ್ಕೊಂಡೆ. ಆಮೇಲೆ, ಹೋಗಿ ನೋಡ್ಕೊಂಡು ಬರ್ಲಿ ಅಂತ ಸುಮ್ಮನಾದೆ."

ಯಜಮಾನರಿಗೆ ಹೇಳುವುದು ಕಷ್ಟವಾಯಿತು. ಉಗಾದಿಯ ಗಿರಾಕಿ ತುಂಬಿದ್ದ ಹೊತ್ತು. ಗಲ್ಲಾದ ಮುಂದೆ ನಿಂತು ಹೇಳಿದೆ, ಹಳೇಬೀಡಿಗೆ ಹೋಗ್ತೀವಿ ಅಂತ. ಅವರು ಕನ್ನಡಕ ತೆಗೆದು ನೋಡಿದರು.

"ಹೆಂಡ್ತಿ ಹೇಳಿದ್ಲಾ?"

"ನಾನೇ ಹೇಳ್ತಾ ಇದ್ದೀನಿ."

"ಹೂಂ" ಅಂದರು. ಆಮೇಲೆ ಮುಂದಿನ ಗಿರಾಕಿಗೆ ಪಂಚೆ ಬಿಡಿಸಿ ತೋರಿಸೋಕೆ ಶುರುಮಾಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹೊರಡುವ ದಿನ ಕಾಲಿಗೆ ಬಿದ್ದೆ, ತಲೆ ಮುಟ್ಟಿ ಗಲ್ಲಾದ ಕಡೆ ತಿರುಗಿದರು. ಆ ಸಂಕಟ ಈಗಲೂ ಪೂರ್ತಿ ಹೋಗಿಲ್ಲ. ಅರಸೀಕೆರೆಯ ಮೇಲೆ ನನಗೆ ಯಾವ ದೂರೂ ಇಲ್ಲ. ಕತ್ತರಿ ಕೈಗೆ ಕೊಟ್ಟ ಊರು ಅದು.

ಹಳೇಬೀಡಿನಲ್ಲಿ ಅತ್ತೆ ಮನೆಯಿಂದ ಎರಡು ಬೀದಿ ಆಚೆ ಒಂದು ಬಾಡಿಗೆ ಮನೆ, ಬಸ್ಸು ನಿಲ್ಲುವ ರಸ್ತೆಯಲ್ಲಿ ಒಂದೇ ಕೋಣೆಯ ಅಂಗಡಿ ಸಿಕ್ಕಿತು. ಸುಣ್ಣ ನಾನೇ ಬಳಿದೆ. ಎರಡು ಮಿಷನ್ನು, ಒಂದು ಕಟಿಂಗ್ ಟೇಬಲ್ಲು ಗೂಡ್ಸ್ ಆಟೋದಲ್ಲಿ ಬಂದು ಇಳಿದವು. ಅಲ್ಲಿ ಹೊಸ ಪಂಚಾಯಿತಿ ಶುರುವಾಯಿತು. ನಾನು ಬಾಗಿಲ ಹತ್ತಿರ ಕೂತರೆ ಹೆಂಗಸರು ಒಳಗೆ ಬರೋಕೆ ಹಿಂದೆಮುಂದೆ ನೋಡುತ್ತಾರೆ. ಅವಳು ಕೂತರೆ, ಇದು ಲೇಡೀಸ್ ಅಂಗಡಿ ಅಂತ ಗಂಡಸರು ಮುಂದೆ ಹೋಗುತ್ತಾರೆ.

"ಬೆಳಕು ನಂಗೆ ಬೇಕು ರೀ. ನಂದು ಸಣ್ಣ ಕೆಲಸ. ನೀವು ಪ್ಯಾಂಟಿನೋರು, ಕತ್ತಲಲ್ಲೂ ಹೊಲೀಬಹುದು."

"ಕಪ್ಪು ಪ್ಯಾಂಟಿಗೆ ಕಪ್ಪು ದಾರ ಕತ್ತಲಲ್ಲಿ ಹೊಲಿದು ತೋರಿಸು ಕಣೇ, ನೋಡೋಣ."

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಮಿಷನ್ನುಗಳನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಎಳೆದೆವು. ಕೊನೆಗೆ ಎರಡನ್ನೂ ಬಾಗಿಲ ಎರಡು ಬದಿಗೆ, ಎದುರುಬದುರಾಗಿ ಹಾಕಿ, ನಡುವೆ ಟೇಬಲ್ ಇಟ್ಟೆವು. ಬಂದವರು ಯಾರ ಕಡೆ ತಿರುಗಬೇಕೋ ಅವರೇ ತಿರುಗಿಕೊಳ್ಳಲಿ.

ಪ್ಯಾಂಟು ಶರ್ಟಿನ ಕೆಲಸ ಅರಸೀಕೆರೆಯಷ್ಟು ಇಲ್ಲ, ಅದು ನಿಜ. ಶಾಲೆ ಶುರುವಾಗುವಾಗ ಯೂನಿಫಾರಂ ಬರುತ್ತೆ, ಉಳಿದಂತೆ ರಿಪೇರಿ. ಕೆಲಸ ಕಮ್ಮಿ ಇದ್ದ ದಿನ ಅವಳ ಬ್ಲೌಸಿಗೆ ಹುಕ್ಕು ಹಾಕುತ್ತೇನೆ. ಮದುವೆ ಸೀಸನ್ನು ಬಂದರೆ ನಮ್ಮ ಜಗಳವೆಲ್ಲ ಆ ಒಂದು ಟೇಬಲ್ಲಿನ ಮೇಲೆ. ಮೊನ್ನೆಯೂ ಅಷ್ಟೇ. ಕಾಲೇಜು ಹುಡುಗನೊಬ್ಬ ಅಣ್ಣನ ಮದುವೆಗೆ ಅಂತ ಹೊಸ ಪ್ಯಾಂಟಿನ ಬಟ್ಟೆ ಕೊಟ್ಟಿದ್ದ. ಸಂಜೆ ಒಳಗೆ ಬೇಕಂತೆ. ನಾನು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಗುರುತು ಹಾಕುವ ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಟೇಬಲ್ಲಿನ ಪಕ್ಕ ನಿಂತೆ. ಅವಳು ಒಂದು ರಾಣಿ ಬಣ್ಣದ ರೇಷ್ಮೆ ಹರಡಿಕೊಂಡು, ಕತ್ತಿನ ತಿರುವು ಕತ್ತರಿಸುತ್ತಿದ್ದಳು. ರೇಷ್ಮೆ ಕತ್ತರಿಸುವವರ ಹತ್ತಿರ ಮಾತಾಡಬಾರದು. ಕತ್ತರಿ ನಿಲ್ಲುವವರೆಗೆ ಕಾದೆ.

"ಆಯ್ತಾ?"

"ಇರಿ, ಇನ್ನೊಂದು ತೋಳಿದೆ" ಅಂದಳು, ತಲೆ ಎತ್ತದೆ.